ನದೂರಿನ ಕಲ್ಲುಮನೆಯಲ್ಲಿ ಏಳು ರಾತ್ರಿ: ಗೊಜೊ ದ್ವೀಪದ ಒಂದು ವಸತಿಯ ವಿಮರ್ಶೆ

ಮೆಡಿಟರೇನಿಯನ್ ಸಮುದ್ರದ ನಡುವೆ ಇರುವ ಮಾಲ್ಟಾ ದೇಶದ ಎರಡನೆಯ ದೊಡ್ಡ ದ್ವೀಪ ಗೊಜೊ. ಅಲ್ಲಿನ ನದೂರ್ ಎಂಬ ಊರಿನಲ್ಲಿ, ಹಳೆಯ ರೈತರ ಮನೆಯೊಂದನ್ನು ದುರಸ್ತಿ ಮಾಡಿ ಪ್ರವಾಸಿಗರಿಗೆ ಬಾಡಿಗೆಗೆ ಕೊಡುತ್ತಿರುವ ವಸತಿಯಲ್ಲಿ ನಾನು ಮತ್ತು ನನ್ನ ಪತ್ನಿ ಜೂನ್ ತಿಂಗಳ ಕೊನೆಯ ವಾರ ಏಳು ರಾತ್ರಿ ಉಳಿದಿದ್ದೆವು. ಬೆಳಗಿನ ಉಪಾಹಾರ ಸೇರಿ ಕೋಣೆಗೆ ದಿನಕ್ಕೆ 95 ಯೂರೊ ತೆತ್ತೆವು. ಮನೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೊಗಳಿಕೆಯ ಜೊತೆಗೆ ದೂರುಗಳೂ ಇವೆ, ನಡೆಸುತ್ತಿರುವವರು ವಯಸ್ಸಾದ ದಂಪತಿ, ಮತ್ತು ಇದೇ ಮಾದರಿಯ ಮನೆಗಳು ಆ ದ್ವೀಪದ ಪ್ರತಿ ಹಳ್ಳಿಯಲ್ಲೂ ಬಾಡಿಗೆಗೆ ಸಿಗುವುದರಿಂದ ಒಂದರ ಬಗ್ಗೆ ಬರೆದದ್ದು ಬಹುಮಟ್ಟಿಗೆ ಉಳಿದವುಗಳಿಗೂ ಹೊಂದುತ್ತದೆ.

ಜಾಹೀರಾತಿನಲ್ಲಿ ಈ ಮನೆಯ ಬಗ್ಗೆ ಮೂರು ಆಕರ್ಷಣೆಗಳನ್ನು ಹೇಳಿದ್ದರು: ಈಜುಕೊಳ, ಸಮುದ್ರದ ನೋಟ, ಎಲ್ಲ ಕೋಣೆಗಳಲ್ಲೂ ಹವಾನಿಯಂತ್ರಣ. ಈಜುಕೊಳ ಎಂದರೆ ನಾಲ್ಕು ಜನ ಎದ್ದು ನಿಲ್ಲಬಹುದಾದ ತೊಟ್ಟಿ. ಸಮುದ್ರದ ನೋಟ ಕೋಣೆಯಿಂದ ಇಲ್ಲ. ಅಂಗಳದ ಹೊರಗೋಡೆಗೆ ಅಂಟಿಕೊಂಡ, ಕೈಹಿಡಿಯೂ ಇಲ್ಲದ ಕಿರಿದಾದ ಕಲ್ಲಿನ ಮೆಟ್ಟಿಲೇರಿ ಮಾಳಿಗೆಯ ಮೇಲೆ ಹೋದರೆ ಮಾತ್ರ ಕೊಮಿನೊ ದ್ವೀಪವೂ ಅದರಾಚೆ ಮಾಲ್ಟಾದ ಅಂಚೂ ಕಾಣುತ್ತವೆ. ಹವಾನಿಯಂತ್ರಣ ಯಂತ್ರ ಮೇಲಿನ ಒಂದು ಕೋಣೆಯಲ್ಲಿತ್ತು, ಅದು ನಮಗೆ ಸಿಕ್ಕಿರಲಿಲ್ಲ. ಮೊದಲ ಸಂಜೆ ನಾನು ಸಾಕಷ್ಟು ಕೋಪದಲ್ಲೇ ಇದ್ದೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ವಾರ ಮುಗಿಯುವ ಹೊತ್ತಿಗೆ ನನ್ನ ತಕರಾರು ಬೇರೆಯೇ ಆಗಿತ್ತು: ಮನೆಯವರು ತಮ್ಮಲ್ಲಿ ನಿಜವಾಗಿ ಬೆಲೆಬಾಳುವುದನ್ನು ಜಾಹೀರಾತಿನಲ್ಲಿ ಹೇಳಿಯೇ ಇಲ್ಲ.

ನಮಗೆ ಕೊಟ್ಟ ನೆಲಮಾಳಿಗೆಯಂಥ ಕೋಣೆ ಹಿಂದೆ ಹೇಸರಗತ್ತೆ ಕಟ್ಟುತ್ತಿದ್ದ ಜಾಗ. ಗೋಡೆಯಲ್ಲಿ ಕೊರೆದ ಕಲ್ಲಿನ ಗೋದಲಿಯನ್ನು ಹಾಗೆಯೇ ಉಳಿಸಿಕೊಂಡು ಅದರ ಮೇಲೆ ದೀಪ ಇಟ್ಟಿದ್ದಾರೆ. ವಿಜಯಪುರ ಜಿಲ್ಲೆಯ ಮಾಳಿಗೆ ಮನೆಯಲ್ಲಿ, ತಲಬಾಗಿಲು ದಾಟಿದ ಕೂಡಲೇ ದನ ಕಟ್ಟುವ ಜಾಗವಿದ್ದ ಮನೆಯಲ್ಲಿ ಬೆಳೆದ ನನಗೆ ಆ ಗೋದಲಿಯನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಗೊಜೊದ ರೈತರ ಮನೆಗೆ ಅಲ್ಲಿಯವರು ‘ರತ್ಸೆತ್’ ಎನ್ನುತ್ತಾರೆ: ಕೆಳಗೆ ದನಕರು ಮತ್ತು ಕಾಳುಕಡ್ಡಿ, ಮೇಲೆ ಮಲಗುವ ಕೋಣೆ, ನಡುವೆ ಅಂಗಳ, ಬೀದಿಯ ಕಡೆಗೆ ಹೆಚ್ಚು ಕಿಟಕಿಗಳಿಲ್ಲದ ಗೋಡೆ. ಗೋಡೆಯ ಕಲ್ಲು ‘ಫ್ರಾಂಕಾ’ ಎಂಬ ಜೇನುಬಣ್ಣದ ಸುಣ್ಣಕಲ್ಲು. ಗಣಿಯಿಂದ ತೆಗೆದಾಗ ಗರಗಸದಿಂದ ಕೊಯ್ಯುವಷ್ಟು ಮೃದುವಾಗಿರುವ ಈ ಕಲ್ಲಿನಿಂದಲೇ ಮಾಲ್ಟಾದ ಚರ್ಚು, ಕೋಟೆ, ದನದ ಕೊಟ್ಟಿಗೆ ಎಲ್ಲವನ್ನೂ ಕಟ್ಟಿದ್ದಾರೆ. ಉಪ್ಪಿನ ಗಾಳಿ ಬಡಿಯುವ ಕಡೆ ಅದು ಜೇನುಗೂಡಿನಂತೆ ತೂತುತೂತಾಗುತ್ತದೆ. ನಾವಿದ್ದ ಮನೆಯ ಒಂದು ಬದಿ ಹಾಗೆಯೇ ಆಗಿದೆ, ಅದನ್ನು ಸಿಮೆಂಟು ಮೆತ್ತಿ ಕೆಡಿಸಿಲ್ಲ ಎಂಬುದಕ್ಕೆ ಮನೆಯವರಿಗೆ ಒಂದು ಅಂಕ ಹೆಚ್ಚು ಕೊಡುತ್ತೇನೆ.

ಮಲಗಿ ಮೇಲೆ ನೋಡಿದಾಗ ವ್ಯತ್ಯಾಸ ತಿಳಿಯುತ್ತದೆ. ನಮ್ಮ ಮಾಳಿಗೆ ಮನೆಗಳಲ್ಲಿ ತೊಲೆ, ಜಂತೆ, ಅದರ ಮೇಲೆ ಮಣ್ಣು. ಗೊಜೊದಲ್ಲಿ ತೊಲೆಗೆ ಆಗುವಂಥ ಮರವೇ ಇಲ್ಲ. ಆದ್ದರಿಂದ ಕೋಣೆಯ ಉದ್ದಕ್ಕೂ ಒಂದರ ಹಿಂದೆ ಒಂದರಂತೆ ಕಲ್ಲಿನ ಕಮಾನು ಎಬ್ಬಿಸಿ, ಕಮಾನಿನಿಂದ ಕಮಾನಿಗೆ ‘ಶೊರೊಕ್’ ಎಂಬ ಕಲ್ಲಿನ ಹಾಸುಗಳನ್ನು ಹೊದಿಸುತ್ತಾರೆ. ಮೇಲೆ ನೀರು ಇಳಿಯದಂತೆ ಮಡಕೆಯ ಚೂರುಗಳನ್ನು ಪುಡಿ ಮಾಡಿ ಸುಣ್ಣದೊಂದಿಗೆ ಬೆರೆಸಿದ ‘ದೆಫ್ಫೂನ್’ ಎಂಬ ಗಾರೆಯನ್ನು ಬಡಿಯುವುದು ಹಳೆಯ ಪದ್ಧತಿ. ನಮ್ಮ ಹಿರಿಯರ ಗಚ್ಚುಗಾರೆಯ ಹತ್ತಿರದ ಸಂಬಂಧಿ ಅದು. ಹೊರಗೆ ಮಧ್ಯಾಹ್ನದ ಬಿಸಿಲು ಕಣ್ಣು ಬಿಡಲು ಆಗದಷ್ಟು ಸುಡುತ್ತಿದ್ದಾಗಲೂ ಆ ಕೋಣೆಯಲ್ಲಿ ನಾವು ಫ್ಯಾನು ಹಾಕದೆ ನಿದ್ದೆ ಮಾಡಿದ್ದೇವೆ. ಹವಾನಿಯಂತ್ರಣವಿದ್ದ ಮೇಲಿನ ಕೋಣೆ ಇತ್ತೀಚೆಗೆ ಟೊಳ್ಳು ಇಟ್ಟಿಗೆಯಲ್ಲಿ ಕಟ್ಟಿದ್ದಾದ್ದರಿಂದ ಅಲ್ಲಿಗೆ ಯಂತ್ರ ಬೇಕೇ ಬೇಕು. ಅಂದರೆ ಜಾಹೀರಾತು ಯಾವುದನ್ನು ಉತ್ತಮ ಕೋಣೆ ಎನ್ನುತ್ತದೋ ಅದೇ ಈ ಮನೆಯ ಅತ್ಯಂತ ಸಾಧಾರಣ ಕೋಣೆ. ಕಾಯ್ದಿರಿಸುವಾಗ ಗೋದಲಿಯ ಕೋಣೆಯನ್ನೇ ಕೇಳಿ.

ನೀರಿನ ವಿಷಯಕ್ಕೆ ಬರುತ್ತೇನೆ. ಮೊದಲ ದಿನ ಮನೆಯೊಡತಿ ಅಂಗಳದ ಕಲ್ಲಿನ ಮುಚ್ಚಳವೊಂದನ್ನು ತೋರಿಸಿ ಇದರ ಕೆಳಗೆ ದೊಡ್ಡ ‘ಬೀರ್’ ಇದೆ ಎಂದಾಗ ನಾನು ಸ್ವಲ್ಪ ಹೆಚ್ಚೇ ಉತ್ಸಾಹದಿಂದ ತಲೆಯಾಡಿಸಿದೆ. ಮಾಲ್ಟೀಸ್ ಭಾಷೆಯಲ್ಲಿ ಹಾಗೆಂದರೆ ಬಾವಿ. ಮಾಳಿಗೆಯ ಮೇಲೆ ಬಿದ್ದ ಮಳೆಯೆಲ್ಲ ಇಳಿಜಾರಿನಲ್ಲಿ ಹರಿದು, ಬಂಡೆಯಲ್ಲಿ ಹೂಜಿಯ ಆಕಾರಕ್ಕೆ ಕೊರೆದ ಆ ತೊಟ್ಟಿಗೆ ಸೇರುತ್ತದೆ. ಮಾಲ್ಟಾದಲ್ಲಿ ವರ್ಷಪೂರ್ತಿ ಹರಿಯುವ ಒಂದು ನದಿಯೂ ಇಲ್ಲ, ಕೆರೆಯೂ ಇಲ್ಲ. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ. ನಮ್ಮ ವಿಜಯಪುರದ್ದೂ ಹೆಚ್ಚುಕಡಿಮೆ ಅಷ್ಟೇ. ಆದರೆ ನಮಗೆ ಬೇಸಿಗೆ ಮುಗಿದ ಮೇಲೆ ಮಳೆ, ಅವರಿಗೆ ಚಳಿಗಾಲವೇ ಮಳೆಗಾಲ. ಅಕ್ಟೋಬರಿನಿಂದ ಮಾರ್ಚಿನ ತನಕ ಬಿದ್ದದ್ದನ್ನು ಹಿಡಿದಿಟ್ಟುಕೊಂಡು, ಜೂನ್, ಜುಲೈ, ಆಗಸ್ಟ್ ತಿಂಗಳುಗಳನ್ನು ಬಹುತೇಕ ಒಂದು ಹನಿಯೂ ಇಲ್ಲದೆ ದಾಟಬೇಕು. 1565ರ ತುರ್ಕರ ಮುತ್ತಿಗೆಯ ಬಳಿಕ, ಆಗ ಮಾಲ್ಟಾವನ್ನು ಆಳುತ್ತಿದ್ದ ‘ನೈಟ್‌’ ಎಂಬ ಕ್ರೈಸ್ತ ಯೋಧರ ಸಂಘದವರು ಈಗಿನ ರಾಜಧಾನಿ ವಲೆಟ್ಟಾ ನಗರವನ್ನು ಕಟ್ಟಿದಾಗ ಪ್ರತಿ ಮನೆಯ ಅಡಿಯಲ್ಲೂ ಇಂಥ ತೊಟ್ಟಿ ಇರಲೇಬೇಕೆಂದು ನಿಯಮ ಮಾಡಿದ್ದರು. ಈಗ ನಲ್ಲಿಯಲ್ಲಿ ಬರುವ ನೀರಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸಮುದ್ರದ ನೀರಿನಿಂದ ಉಪ್ಪು ತೆಗೆದದ್ದು. ಸ್ನಾನಕ್ಕೆ ಅಡ್ಡಿಯಿಲ್ಲ, ಚಹಾಕ್ಕೆ ರುಚಿಸುವುದಿಲ್ಲ. ಕುಡಿಯಲು ಊರಿನವರೇ ಬಾಟಲಿ ನೀರು ಕೊಳ್ಳುತ್ತಾರೆ, ಮನೆಯವರೂ ದಿನಕ್ಕೆರಡು ಬಾಟಲಿ ಉಚಿತವಾಗಿ ಇಡುತ್ತಾರೆ.

ಇಷ್ಟು ತಿಳಿದ ಮೇಲೆ ಆ ಈಜುಕೊಳವನ್ನು ನೋಡಿದರೆ ಮುಜುಗರವಾಗುತ್ತದೆ. ಅದಕ್ಕೆ ನೀರು ಬರುವುದು ಟ್ಯಾಂಕರಿನಲ್ಲಿ, ಮನೆಯ ಬಾವಿಯಿಂದ ಅಲ್ಲ. ಕೆಳಗಿನ ಕಣಿವೆ ಇಳಿದರೆ ಅರ್ಧ ಗಂಟೆಯ ನಡಿಗೆಯಲ್ಲಿ ರಮ್ಲಾ ಎಂಬ ಕೆಂಪು ಮರಳಿನ ಕಡಲತೀರವಿರುವಾಗ ಆ ತೊಟ್ಟಿಯ ಅಗತ್ಯ ಯಾರಿಗಿದೆಯೋ ತಿಳಿಯದು. ಕೊಳವಿಲ್ಲದ ಮನೆಯನ್ನು ಪ್ರವಾಸಿಗರು ಕಣ್ಣೆತ್ತಿಯೂ ನೋಡುವುದಿಲ್ಲ ಎಂದು ಯಜಮಾನರು ಹೇಳಿದರು. ಬುಕಿಂಗ್ ಜಾಲತಾಣದಲ್ಲಿ ಹುಡುಕುವಾಗ ನಾನೂ ಮೊದಲು ಆ ಚೌಕಕ್ಕೇ ಗುರುತು ಹಾಕಿದ್ದೆನಾದ್ದರಿಂದ ಮರುಮಾತಾಡಲಿಲ್ಲ.

ಇಲ್ಲಿನ ಅತ್ಯುತ್ತಮ ಸೇವೆ ಯಾವ ಪಟ್ಟಿಯಲ್ಲೂ ಇಲ್ಲ. ಪ್ರತಿದಿನ ಬೆಳಿಗ್ಗೆ ಉಪಾಹಾರ ತರುವಾಗ ಮನೆಯೊಡತಿ ಅಂದಿನ ಗಾಳಿಯ ಹೆಸರನ್ನು ಹೇಳಿ, ಯಾವ ಕಿಟಕಿ ತೆರೆಯಬೇಕು, ಯಾವುದನ್ನು ಮುಚ್ಚಬೇಕು, ಯಾವ ಕಡಲತೀರಕ್ಕೆ ಹೋಗಬಾರದು ಎಂದು ತಿಳಿಸುತ್ತಾರೆ. ವಾಯವ್ಯದಿಂದ ಬೀಸುವುದು ‘ಮಯಿಸ್ಟ್ರಾಲ್’. ಅದು ತಂಪಾದ ಶುಭ್ರವಾದ ಗಾಳಿ, ಆ ದಿನ ಒಗೆದ ಬಟ್ಟೆ ಒಂದು ತಾಸಿನಲ್ಲಿ ಒಣಗುತ್ತದೆ. ಈಶಾನ್ಯದ್ದು ‘ಗ್ರಿಗಾಲ್’. ಚಳಿಗಾಲದಲ್ಲಿ ದೋಣಿಗಳನ್ನು ಕಾಡುವ ಈ ಬಿರುಗಾಳಿಯೇ ಸಂತ ಪೌಲನ ಹಡಗನ್ನು ಮಾಲ್ಟಾದ ದಡಕ್ಕೆ ಬಡಿಯಿತೆಂದು ಅಲ್ಲಿಯವರ ನಂಬಿಕೆ. ಆಗ್ನೇಯದಿಂದ, ಆಫ್ರಿಕದ ಮರುಭೂಮಿಯ ಕಡೆಯಿಂದ ಬರುವುದು ‘ಶ್ಲೊಕ್’. ನಾವಿದ್ದ ನಾಲ್ಕನೆಯ ದಿನ ಅದು ಬಂತು. ಮರುಭೂಮಿಯ ಗಾಳಿ ಎಂದರೆ ಒಣಗಾಳಿ ಎಂದುಕೊಂಡಿದ್ದೆ. ಸಮುದ್ರ ದಾಟುವಾಗ ಅದು ತೇವವನ್ನೆಲ್ಲ ಹೀರಿಕೊಂಡು ಬರುತ್ತದೆಂದು ಹೊಳೆದಿರಲಿಲ್ಲ. ಆಕಾಶ ಮಾಸಲು ಹಳದಿಯಾಯಿತು, ಹಾಸಿಗೆ ಅಂಟಂಟಾಯಿತು, ಕಲ್ಲಿನ ನೆಲ ಬೆವರಿತು, ಹಗ್ಗದ ಮೇಲಿನ ಟವೆಲಿನ ಮೇಲೆ ಕೆಂಧೂಳು ಕೂತಿತು. ಅಂದು ಕೆಳಗಿನ ಕೋಣೆಯ ದಪ್ಪ ಗೋಡೆಯೂ ಉಪಯೋಗಕ್ಕೆ ಬರಲಿಲ್ಲ, ನನ್ನ ಪತ್ನಿ ಮೇಲಿನ ಯಂತ್ರದ ಕೋಣೆಯನ್ನು ನೆನೆದು ನನ್ನನ್ನು ನೋಡಿದ ನೋಟ ಈ ವಿಮರ್ಶೆಯಲ್ಲಿ ದಾಖಲಾಗಬೇಕು. ಮನೆಯೊಡತಿ ದಕ್ಷಿಣದ ಬಾಗಿಲು ಮುಚ್ಚಿಸಿ, ಸಂಜೆಯವರೆಗೆ ಏನೂ ಮಾಡದೆ ಕೂತಿರಿ ಎಂದರು. ಊರಿಡೀ ಅದನ್ನೇ ಮಾಡುತ್ತಿತ್ತು.

ಉಪಾಹಾರ ಚೆನ್ನಾಗಿದೆ, ಸಸ್ಯಾಹಾರಿಗಳಿಗೂ ಸಾಕಷ್ಟಿದೆ, ಆದರೆ ಮೊದಲೇ ಹೇಳಬೇಕು. ಗಟ್ಟಿ ಹೊರಪದರದ ಹುಳಿ ಹಿಟ್ಟಿನ ರೊಟ್ಟಿಯ ಮೇಲೆ ಟೊಮೇಟೊ ಒತ್ತಿ, ಆಲಿವ್ ಎಣ್ಣೆ ಸುರಿದು, ಕೇಪರ್ ಮೊಗ್ಗು, ಪುದೀನ, ಈರುಳ್ಳಿ ಹಾಕಿದ ‘ಹೊಬ್ಜ್ ಬಿಜ್ಜೆಯ್ತ್’ ಪ್ರತಿದಿನ ಇರುತ್ತದೆ. ಅದರ ಹೆಸರಿನ ಅರ್ಥ ಇಷ್ಟೇ, ಎಣ್ಣೆಯ ಜೊತೆ ರೊಟ್ಟಿ. ರೂಢಿಯಲ್ಲಿ ಇದಕ್ಕೆ ಟ್ಯೂನಾ ಮೀನು ಸೇರಿಸುತ್ತಾರೆ, ಬೇಡವೆಂದರೆ ಬಿಡುತ್ತಾರೆ. ಅವರೆಯ ಜಾತಿಯ ಸಣ್ಣ ಕಾಳನ್ನು ಬೇಯಿಸಿ ಬೆಳ್ಳುಳ್ಳಿ ಹಾಕಿ ಅರೆದ ‘ಬಿಗಿಲ್ಲಾ’ ನಮ್ಮ ನಾಲಿಗೆಗೆ ಕೂಡಲೇ ಒಗ್ಗುವ ಪದಾರ್ಥ, ನಾವು ಅದಕ್ಕೆ ಊರಿಂದ ತಂದ ಶೇಂಗಾ ಚಟ್ನಿಪುಡಿ ಉದುರಿಸಿಕೊಂಡದ್ದನ್ನು ಮನೆಯೊಡತಿ ಕುತೂಹಲದಿಂದ ನೋಡಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಎರಡು ಲೋಟ ನೀರು ಕುಡಿದರು. ಕುರಿಹಾಲಿನ ಪುಟ್ಟ ಗಿಣ್ಣು, ಅಂದರೆ ಚೀಸ್, ‘ಜ್ಬೆಯ್ನಾ’ ಅವರೇ ಮಾಡಿದ್ದು, ಹಸಿಯಾದದ್ದೂ ಇರುತ್ತದೆ, ಒಣಗಿಸಿ ಕರಿಮೆಣಸು ಮೆತ್ತಿದ್ದೂ ಇರುತ್ತದೆ. ಹಳ್ಳಿಮನೆಯ ಹಸಿ ಗಿಣ್ಣು ತಿನ್ನುವ ಮೊದಲು ಹಾಲು ಕಾಯಿಸಿದ್ದೇ ಎಂದು ಕೇಳಿ. ಇದು ಶಂಕೆಯ ಮಾತಲ್ಲ. ಮನೆಮನೆಯ ಬಾಗಿಲಿಗೆ ಆಡು ಹೊಡೆದುಕೊಂಡು ಬಂದು ಅಲ್ಲೇ ಹಾಲು ಕರೆದುಕೊಡುತ್ತಿದ್ದ ಕಾಲದಲ್ಲಿ ಇಲ್ಲಿ ಹಬ್ಬುತ್ತಿದ್ದ ಜ್ವರಕ್ಕೆ ಜಗತ್ತೇ ಮಾಲ್ಟಾ ಜ್ವರ ಎಂದು ಹೆಸರಿಟ್ಟಿತ್ತು. ಅದರ ರೋಗಾಣುವನ್ನು 1887ರಲ್ಲಿ ಡೇವಿಡ್ ಬ್ರೂಸ್ ಗುರುತಿಸಿದರೆ, ಅದು ಆಡಿನ ಹಾಲಿನಿಂದ ಬರುತ್ತದೆಂದು 1905ರಲ್ಲಿ ಕಂಡುಕೊಂಡವರು ಮಾಲ್ಟಾದವರೇ ಆದ ವೈದ್ಯ ತೆಮಿಸ್ತೊಕ್ಲೆಸ್ ಝಮ್ಮಿತ್. ನಾನು ಕೇಳಿದಾಗ ಮನೆಯೊಡತಿ ಬೇಸರಿಸಿಕೊಳ್ಳದೆ ಹಾಲು ಕಾಯಿಸುವ ಪಾತ್ರೆಯನ್ನೂ ಥರ್ಮಾಮೀಟರನ್ನೂ ತಂದು ತೋರಿಸಿದರು.

ರಾತ್ರಿಯ ಊಟ ಬಾಡಿಗೆಯಲ್ಲಿ ಸೇರಿಲ್ಲ, ಹೇಳಿದರೆ 18 ಯೂರೊಗೆ ಮಾಡಿಕೊಡುತ್ತಾರೆ. ಮೊಲದ ಮಾಂಸದ ಅಡುಗೆ ಮಾಲ್ಟಾದ ಹೆಮ್ಮೆ, ಅದನ್ನು ನಾವು ತಿನ್ನುವುದಿಲ್ಲವಾದ್ದರಿಂದ ಅದರ ಬಗ್ಗೆ ತೀರ್ಪು ಕೊಡಲಾರೆ. ನಮಗೆ ಮಾಡಿಕೊಟ್ಟದ್ದು ‘ವಿಧವೆಯ ಸೂಪು’ ಎಂದು ಕರೆಯುವ ತರಕಾರಿ ಸಾರು, ಕೊನೆಯಲ್ಲಿ ಅದರೊಳಗೆ ಒಂದು ಗಿಣ್ಣನ್ನು ಮುಳುಗಿಸಿ ಬಡಿಸುತ್ತಾರೆ. ಮೊಟ್ಟೆಯನ್ನೂ ಒಡೆದು ಹಾಕುವುದುಂಟು. ಎರಡು ರಾತ್ರಿ ಊರಿನ ಬೇಕರಿಯಿಂದ ಗೊಜೊ ಶೈಲಿಯ ‘ಫ್ತೀರಾ’ ತರಿಸಿಕೊಂಡೆವು. ತೆಳ್ಳಗೆ ತಟ್ಟಿದ ಹಿಟ್ಟಿನ ಮೇಲೆ ಆಲೂಗಡ್ಡೆಯ ಬಿಲ್ಲೆ, ಗಿಣ್ಣು, ಟೊಮೇಟೊ ಹಾಕಿ ಕಟ್ಟಿಗೆಯ ಒಲೆಯಲ್ಲಿ ಸುಟ್ಟ ರೊಟ್ಟಿ ಇದು, ಅಂಚನ್ನು ಹೊರಳಿಸಿ ಮಡಚಿರುತ್ತಾರೆ. ಮಾಲ್ಟಾದ ಫ್ತೀರಾ ಮಾಡುವ ಕಲೆಗೆ 2020ರಲ್ಲಿ ಯುನೆಸ್ಕೊ ಮಾನ್ಯತೆ ಸಿಕ್ಕಿದೆ. ಬೀದಿಯಲ್ಲಿ ಸಿಗುವ ಪದರುಪದರಾದ ‘ಪಸ್ತಿತ್ಸಿ’ಯ ಒಳಗೆ ಬಟಾಣಿಯೋ ಗಿಣ್ಣೋ ಇದ್ದರೂ ಹಿಟ್ಟಿಗೆ ಹಂದಿಕೊಬ್ಬು ಬಳಸುವ ಪದ್ಧತಿಯಿದೆ, ಕೇಳಿಕೊಂಡೇ ತಿನ್ನಿ.

ಮನೆಯವರ ಬಗ್ಗೆ ಹೇಳದಿದ್ದರೆ ಈ ವಿಮರ್ಶೆ ಪೂರ್ತಿಯಾಗದು. ಬಾಗಿಲ ಪಕ್ಕದ ಹೆಸರುಫಲಕದಲ್ಲಿ ಕಾಂಗರೂ ಚಿತ್ರವಿದೆ. ಯಜಮಾನರು ಹದಿಹರೆಯದಲ್ಲಿ ಆಸ್ಟ್ರೇಲಿಯಕ್ಕೆ ಹೋಗಿ, ಮೂವತ್ತು ವರ್ಷ ಮೆಲ್ಬರ್ನಿನಲ್ಲಿ ದುಡಿದು, ಹಿಂತಿರುಗಿ ಅಜ್ಜನ ಮನೆಯನ್ನು ಎತ್ತಿ ನಿಲ್ಲಿಸಿದವರು. ನದೂರಿನ ಬೀದಿಗಳಲ್ಲಿ ನಡೆದರೆ ಇಂಥ ಕಾಂಗರೂಗಳೂ ಅಮೆರಿಕದ ಹದ್ದುಗಳೂ ಎಷ್ಟೋ ಬಾಗಿಲುಗಳ ಮೇಲಿವೆ. ಸುಮಾರು 67 ಚದರ ಕಿಲೋಮೀಟರಿನ, 40 ಸಾವಿರದ ಆಸುಪಾಸು ಜನರಿರುವ ಈ ದ್ವೀಪ ಇಪ್ಪತ್ತನೆಯ ಶತಮಾನದಲ್ಲಿ ಮನೆಗೊಬ್ಬರಂತೆ ಜನರನ್ನು ಹೊರಗೆ ಕಳಿಸಿದೆ. ಅದಕ್ಕೂ ಹಿಂದೆ, 1551ರಲ್ಲಿ, ಕಡಲ್ಗಳ್ಳರ ಮತ್ತು ತುರ್ಕರ ಪಡೆ ಬಂದು ಇಲ್ಲಿನ ಹೆಚ್ಚುಕಡಿಮೆ ಎಲ್ಲರನ್ನೂ, ಸುಮಾರು 5,000 ಜನರನ್ನು, ಗುಲಾಮರನ್ನಾಗಿ ಎಳೆದೊಯ್ದಿತ್ತು. ಬೀದಿಗೆ ಮುಖ ತೋರದ ಗೋಡೆಗಳಿಗೆ ಬಿಸಿಲೊಂದೇ ಕಾರಣವಲ್ಲ ಎಂದು ಯಜಮಾನರು ಇದನ್ನು ಹೇಳಿದ್ದು ನಿನ್ನೆ ನಡೆದದ್ದನ್ನು ಹೇಳುವ ಧಾಟಿಯಲ್ಲಿ. ಈಗ ಕೆಲಸಕ್ಕೆ ಜನ ಹೊರಗಿನಿಂದ ಬರುತ್ತಾರೆ. ಪಕ್ಕದ ಮನೆಯ ವೃದ್ಧೆಯನ್ನು ನೋಡಿಕೊಳ್ಳುತ್ತಿದ್ದವರು ಕೇರಳದ ನರ್ಸ್, ನಮ್ಮ ಚಟ್ನಿಪುಡಿಯ ಅರ್ಧ ಡಬ್ಬಿ ಅವರ ಪಾಲಾಯಿತು.

ಮನೆಯಲ್ಲಿ ಎಲ್ಲರಿಗೂ ಇಂಗ್ಲಿಷ್ ಬರುತ್ತದೆ, ವ್ಯವಹಾರಕ್ಕೆ ತೊಂದರೆಯಿಲ್ಲ. ಆದರೆ ಅವರು ತಮ್ಮತಮ್ಮಲ್ಲಿ ಆಡುವ ಮಾಲ್ಟೀಸ್ ಕೇಳುತ್ತ ಕೂತಿರುವುದೇ ನಮ್ಮ ಕಡೆಯವರಿಗೆ ಒಂದು ಆಟ. ಸಿಸಿಲಿಯಲ್ಲಿ ಹಿಂದೆ ಆಡುತ್ತಿದ್ದ ಅರಬ್ಬಿಯಿಂದ ಬೆಳೆದು, ಇಟಾಲಿಯನ್ನಿನ ಶಬ್ದಗಳನ್ನು ಹೊಟ್ಟೆತುಂಬ ನುಂಗಿ, ರೋಮನ್ ಲಿಪಿಯಲ್ಲಿ ಬರೆಯುವ ಭಾಷೆ ಅದು. ಪರಮ ಕ್ಯಾಥೊಲಿಕ್ ಆದ ಮನೆಯೊಡತಿ ಶಿಲುಬೆಯ ಗುರುತು ಮಾಡಿಕೊಳ್ಳುತ್ತ ದೇವರನ್ನು ‘ಅಲ್ಲಾ’ ಎನ್ನುತ್ತಾರೆ, ಈಸ್ಟರಿನ ಮುಂಚಿನ ಉಪವಾಸದ ಕಾಲಕ್ಕೆ ‘ರನ್ದಾನ್’ ಎನ್ನುತ್ತಾರೆ. ಜಗತ್ತು ಅವರಿಗೆ ‘ದಿನ್ಯಾ’, ನಮ್ಮ ದುನಿಯಾ. ಪುಸ್ತಕ ‘ಕ್ತೀಬ್’, ನಮ್ಮ ಕಿತಾಬು. ‘ಹ್ಸೀಬ್’ ಎಂದರೆ ಅವರಿಗೆ ಆಲೋಚನೆ, ಅದೇ ಶಬ್ದ ವಿಜಯಪುರದ ಪೇಟೆಗೆ ಬರುವಷ್ಟರಲ್ಲಿ ಹಿಸಾಬು ಆಗಿ ಬರೀ ಲೆಕ್ಕಕ್ಕೆ ಇಳಿದಿದೆ. ನದೂರ್ ಎಂಬ ಊರ ಹೆಸರಿಗೂ ನಮ್ಮ ನಜರಿಗೂ ಬೇರು ಒಂದೇ: ಎತ್ತರದಲ್ಲಿ ನಿಂತು ಸಮುದ್ರದ ಮೇಲೆ ಕಣ್ಣಿಡುವ ಜಾಗ.

ಇನ್ನು ದೊಡ್ಡ ದೂರು. ಜೂನ್ 29 ಸಂತ ಪೀಟರ್ ಮತ್ತು ಸಂತ ಪೌಲರ ಹಬ್ಬ, ‘ಇಮ್ನಾರ್ಯಾ’. ನದೂರಿನ ಚರ್ಚು ಇದೇ ಇಬ್ಬರ ಹೆಸರಿನಲ್ಲಿರುವುದರಿಂದ ಊರಿನ ಮುಖ್ಯ ಜಾತ್ರೆ ಅಂದೇ. ಕಾಯ್ದಿರಿಸುವಾಗ ಇದನ್ನು ನಮಗೆ ಯಾರೂ ಹೇಳಲಿಲ್ಲ. ಹಬ್ಬಕ್ಕೆ ಮೂರು ದಿನ ಮುಂಚಿನಿಂದಲೇ ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನಕ್ಕೆ, ಸಂಜೆಗೆ, ಕೋಣೆಯ ಗಾಜು ನಡುಗುವಂಥ ಕದಿನಿ ಸಿಡಿಯುತ್ತವೆ. ಬ್ಯಾಂಡಿನವರು ನಡುರಾತ್ರಿಯ ತನಕ ಬೀದಿ ಸುತ್ತುತ್ತಾರೆ. ನನ್ನ ಪತ್ನಿಗೆ ಮೈಗ್ರೇನ್ ಇದೆ, ಅವಳ ಎರಡು ದಿನಗಳು ಇದರಲ್ಲೇ ಹೋದವು. ಮನೆಯವರನ್ನು ಕೇಳಿದರೆ, ಹಬ್ಬದ ಸಮಯದಲ್ಲಿ ಕೋಣೆ ಸಿಕ್ಕಿದ್ದೇ ನಿಮ್ಮ ಪುಣ್ಯ ಎಂಬಂತೆ ನೋಡಿದರು. ಅವರ ದೃಷ್ಟಿಯಲ್ಲಿ ಅದು ಸುಳ್ಳೂ ಅಲ್ಲ. ಬೀದಿಗಳಿಗೆಲ್ಲ ಕಸೂತಿಯ ಪತಾಕೆ, ಚರ್ಚಿನ ಮುಖಕ್ಕೆಲ್ಲ ದೀಪ, ಭುಜದ ಮೇಲೆ ಹೊತ್ತು ತರುವ ಸಂತರ ಮೂರ್ತಿ, ಅದರ ಮೇಲೆ ಮಾಳಿಗೆಗಳಿಂದ ಸುರಿಯುವ ಕಾಗದದ ಚೂರು, ಗಾಡಿಯಲ್ಲಿ ಎಳ್ಳು ಬಾದಾಮಿಯ ‘ಉಬ್ಬಾಯ್ತ್’ ಎಂಬ ಚಿಕ್ಕಿ: ನಮ್ಮ ತೇರಿನ ದಿನವನ್ನು ಕಂಡವರಿಗೆ ಇದರಲ್ಲಿ ಪರಕೀಯ ಎನ್ನಿಸುವುದು ಬಹಳ ಕಡಿಮೆ. ಮಾಲ್ಟಾದ ಊರಹಬ್ಬಗಳನ್ನು 2023ರಲ್ಲಿ ಯುನೆಸ್ಕೊ ತನ್ನ ಪಟ್ಟಿಗೆ ಸೇರಿಸಿಕೊಂಡಿದೆ. ಆದರೂ ಹಣ ಪಡೆಯುವವರು ಮುಂಚಿತವಾಗಿ ತಿಳಿಸಬೇಕಿತ್ತು, ಇದಕ್ಕೆ ನಾನು ಅಂಕ ಕಳೆಯುತ್ತೇನೆ. ಬೇಸಿಗೆಯ ಪ್ರತಿ ವಾರಾಂತ್ಯದಲ್ಲೂ ಗೊಜೊದ ಒಂದಲ್ಲ ಒಂದು ಊರಿನಲ್ಲಿ ಇಂಥ ಹಬ್ಬವಿರುತ್ತದೆ. ಕಾಯ್ದಿರಿಸುವ ಮೊದಲು ಆ ಊರಿನ ಹಬ್ಬದ ದಿನಾಂಕ ಕೇಳಿ, ಬೇಕೋ ಬೇಡವೋ ನೀವೇ ನಿರ್ಧರಿಸಿ.

ಸಣ್ಣಪುಟ್ಟ ಸಂಗತಿಗಳು. ಕೋಣೆ ಸ್ವಚ್ಛವಾಗಿದೆ. ಬಿಸಿನೀರು ಸೌರಶಕ್ತಿಯದ್ದು, ಧಾರಾಳವಾಗಿ ಬರುತ್ತದೆ, ಆದರೆ ಒತ್ತಡ ಕಡಿಮೆ. ಸಾಕೆಟ್ಟುಗಳು ಬ್ರಿಟಿಷರ ಮೂರು ಚೌಕ ಕಡ್ಡಿಗಳವು, ನಮ್ಮ ಗುಂಡು ಕಡ್ಡಿಯ ಪ್ಲಗ್ಗು ಹೊಂದುವುದಿಲ್ಲ. ವಾಹನಗಳು ನಮ್ಮಲ್ಲಿಯಂತೆ ಎಡಬದಿಯಲ್ಲೇ ಓಡುವುದರಿಂದ ಕಾರು ಬಾಡಿಗೆಗೆ ತೆಗೆದುಕೊಂಡರೆ ಅಭ್ಯಾಸದ ತೊಂದರೆಯಿಲ್ಲ, ಬೀದಿಗಳು ಮಾತ್ರ ಒಂದು ಎತ್ತಿನ ಗಾಡಿಗೆಂದು ಮಾಡಿದವು. ಬಸ್ಸುಗಳೆಲ್ಲ ವಿಕ್ಟೋರಿಯಾ ಪಟ್ಟಣಕ್ಕೆ ಹೋಗಿ ಅಲ್ಲಿಂದ ಬೇರೆ ಕಡೆ ಹೊರಡುತ್ತವೆ. 1887ರಲ್ಲಿ ರಾಣಿಯ ಹೆಸರಿಟ್ಟರೂ ಜನ ಅದನ್ನು ಇಂದಿಗೂ ರಬಾತ್ ಎನ್ನುತ್ತಾರೆ, ದಾರಿ ಕೇಳುವಾಗ ನೆನಪಿರಲಿ. ಮಾಲ್ಟಾದ ಚಿರ್ಕೆವ್ವಾ ಬಂದರಿನಿಂದ ಬರುವ ದೊಡ್ಡ ದೋಣಿಗೆ ಸುಮಾರು 25 ನಿಮಿಷ ಬೇಕು. ಬರುವಾಗ ಯಾರೂ ಟಿಕೆಟ್ ಕೇಳುವುದಿಲ್ಲ, ಗೊಜೊ ಬಿಟ್ಟು ಹೋಗುವಾಗಲೇ ಹೋಗಿಬರುವ ಹಣವನ್ನು ತೆಗೆದುಕೊಳ್ಳುತ್ತಾರೆ. ಮಂಡಿನೋವಿನವರಿಗೆ, ಚಿಕ್ಕ ಮಕ್ಕಳಿರುವವರಿಗೆ ಆ ಕೈಹಿಡಿಯಿಲ್ಲದ ಮೆಟ್ಟಿಲಿನ ಕಾರಣಕ್ಕೆ ಈ ಮನೆಯನ್ನು ಹೇಳಲಾರೆ.

ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಜಾಹೀರಾತಿನಲ್ಲಿ ಕೊಳ ಮತ್ತು ಯಂತ್ರದ ಬದಲು ಕಮಾನು, ಬಾವಿ, ಬೆಳಗಿನ ಗಾಳಿಯ ವರ್ತಮಾನ ಮತ್ತು ಹಬ್ಬದ ದಿನಾಂಕ ಇವಿಷ್ಟನ್ನು ಬರೆದಿದ್ದರೆ ಇನ್ನೊಂದು ಅಂಕ ಸೇರುತ್ತಿತ್ತು. ಮೇ ತಿಂಗಳಲ್ಲಿ ಅಥವಾ ಅಕ್ಟೋಬರಿನಲ್ಲಿ ಹೋಗುವುದು ಒಳ್ಳೆಯದು. ಚಳಿಗಾಲದಲ್ಲಿ ಬಾಡಿಗೆ ಅರ್ಧಕ್ಕಿಳಿಯುತ್ತದಂತೆ, ಆದರೆ ಬೇಸಿಗೆಯಲ್ಲಿ ತಂಪಾಗಿಡುವ ಆ ಗೋಡೆಗಳೇ ಜನವರಿಯಲ್ಲಿ ತೇವ ಹಿಡಿದು ಮೂಳೆ ಕೊರೆಯುತ್ತವೆ ಎಂದು ಯಜಮಾನರೇ ಎಚ್ಚರಿಸಿದರು. ಹೊರಡುವ ದಿನ ಮನೆಯೊಡತಿಯ ಕೈಯ ಕೇಪರ್ ಉಪ್ಪಿನಕಾಯಿಯನ್ನು ಸೀಸೆಗೆ 4 ಯೂರೊದಂತೆ ಕೊಳ್ಳಬಹುದು. ಅದನ್ನು ದೊಡ್ಡ ಪೆಟ್ಟಿಗೆಯೊಳಗೆ ಬಟ್ಟೆ ಸುತ್ತಿ ಇಡಿ. ಕೈಚೀಲದಲ್ಲಿ ಇಟ್ಟುಕೊಂಡು ನಾನು ಒಂದು ಸೀಸೆ ಕಳೆದುಕೊಂಡೆ.